ಜಿಮ್ನಿಗೆ ಮನೆಯಲ್ಲೇ ಸ್ಕಿಡ್ ಪ್ಲೇಟ್: ತೂತು ಕೂರುತ್ತಿಲ್ಲ, ಒಂದು ಬೋಲ್ಟು ಸುಮ್ನೆ ಸುತ್ತುತ್ತಿದೆ

ತೋಟದ ದಾರಿ:
ಎಲ್ಲರಿಗೂ ನಮಸ್ಕಾರ. ಗಾಡಿ ಐದು ಬಾಗಿಲಿನ ಜಿಮ್ನಿ, ಮ್ಯಾನುಯಲ್. ಸಕಲೇಶಪುರದ ಕಡೆ ನಮ್ಮ ತೋಟಕ್ಕೆ ಹೋಗುವ ದಾರಿಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಮಣ್ಣು ಕೊಚ್ಚಿಹೋಗಿ ಕಲ್ಲು ಎದ್ದಿರುತ್ತದೆ. ಗ್ರೌಂಡ್ ಕ್ಲಿಯರೆನ್ಸ್ 210 ಮಿ.ಮೀ. ಇದೆ, ನಿಜ. ಆದರೆ ಎರಡೂ ಚಕ್ರ ಜೀಪಿನ ಚಡಿಗೆ ಇಳಿದರೆ ನಡುವಿನ ದಿಣ್ಣೆ ಅಡಿಗೆ ತಾಗಿಯೇ ತಾಗುತ್ತದೆ.

ಅದಕ್ಕೆ ಸ್ಕಿಡ್ ಪ್ಲೇಟ್, ಅಂದರೆ ಅಡಿಭಾಗಕ್ಕೆ ಕಲ್ಲಿನ ಏಟು ಬೀಳದಂತೆ ಕಾಯುವ ತಗಡು, 3 ಮಿ.ಮೀ. ಕಬ್ಬಿಣದ್ದು, ಮೂರು ತುಂಡಿನ ಸೆಟ್ ತರಿಸಿದೆ. ಆಯಿಲ್ ಚೇಂಬರಿಗೆ ಒಂದು, ಗೇರ್ ಬಾಕ್ಸಿಗೆ ಒಂದು, ಟ್ರಾನ್ಸ್‌ಫರ್ ಕೇಸಿಗೆ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಒಂದು. ಈಗ ಮೂರು ತಲೆನೋವು. ಮುಂದಿನ ಪ್ಲೇಟಿನ ಎದುರಿನ ಬೋಲ್ಟುಗಳು ಬಿಗಿಯಾಗಿವೆ, ಹಿಂದಿನ ತೂತುಗಳು ಸುಮಾರು 7 ಮಿ.ಮೀ. ಆಚೆ ನಿಂತಿವೆ. ನಡುವಿನ ಪ್ಲೇಟಿನ ಒಂದು ಬೋಲ್ಟು ಬಿಗಿಯೂ ಆಗುವುದಿಲ್ಲ, ಹೊರಗೂ ಬರುವುದಿಲ್ಲ. ಇನ್ನು ಏರು ಹತ್ತುವಾಗ 2000 ಆರ್‌ಪಿಎಂ ಹತ್ತಿರ ಗುಂಯ್ ಎಂಬ ಸದ್ದು. ನಿಂತಲ್ಲಿ ರೇಸ್ ಮಾಡಿದರೆ ಇಲ್ಲ.

ಹಳೇ ಪಾನಾ:
ಮೊದಲು ಇದಕ್ಕೆ ಉತ್ತರ ಕೊಡಿ: ಗಾಡಿ ಯಾವುದರ ಮೇಲೆ ನಿಂತಿದೆ? ಬರೀ ಜಾಕಿನ ಮೇಲಿದ್ದರೆ ಅಡಿಗೆ ಹೋಗಲೇಬೇಡಿ. ಸಿಮೆಂಟ್ ಇಟ್ಟಿಗೆಯೂ ಬೇಡ, ಅದು ಬಿರುಕು ತೋರಿಸದೆ ಒಮ್ಮೆಲೇ ಪುಡಿಯಾಗುತ್ತದೆ. ಗಟ್ಟಿ ನೆಲ, ಚಾಸಿ ಕೆಳಗೆ ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಕಟ್ಟೆ. ಸೈಲೆನ್ಸರ್ ತಣ್ಣಗಾಗಿರಲಿ.

ತೂತಿನ ವಿಷಯ ಸುಲಭ. ಬಿಗಿ ಮಾಡಿದ್ದನ್ನೆಲ್ಲ ಸಡಿಲಿಸಿ. ಯಾವ ಪ್ಲೇಟೇ ಆಗಲಿ, ಎಲ್ಲ ಬೋಲ್ಟನ್ನೂ ಬೆರಳಿನಲ್ಲೇ ಮೂರು ನಾಲ್ಕು ಸುತ್ತು ಹತ್ತಿಸಿ, ಪ್ಲೇಟ್ ನೇತಾಡುತ್ತಿರುವಾಗಲೇ ಅಲುಗಿಸಿ ಕೂರಿಸಬೇಕು. ಪಾನಾ ಆಮೇಲೆ. ಎದುರಿಗೆ ಒಂದೆರಡು ಮಿ.ಮೀ. ಸರಿದರೂ ಹಿಂದೆ ಅದು ದೊಡ್ಡದಾಗಿ ಕಾಣುತ್ತದೆ. ಆಮೇಲೂ ಉಳಿದರೆ ಪ್ಲೇಟಿನ ತೂತನ್ನು ದುಂಡು ಅರದಿಂದ ಉದ್ದ ಮಾಡಿ, ಜಿಂಕ್ ಪ್ರೈಮರ್ ಬಳಿದು, ಅಗಲ ವಾಶರ್ ಹಾಕಿ. ಅರ ಹಾಕುವುದು ಪ್ಲೇಟಿಗೆ ಮಾತ್ರ. ಚಾಸಿ ಮುಟ್ಟಬೇಡಿ.

ಸುತ್ತುವ ಬೋಲ್ಟು ಕಿಟ್‌ನದ್ದೇನಾ? ಎಂ8 ಆ ಎಂ10 ಆ, ಅಂದರೆ 8 ಮಿ.ಮೀ. ದಪ್ಪದ್ದಾ 10ರದ್ದಾ?

ತೋಟದ ದಾರಿ:
ಜಾಕ್ ಸ್ಟ್ಯಾಂಡ್ ಮೇಲೇ ಇದೆ ಸರ್. ಎಲ್ಲ ಸಡಿಲಿಸಿದ ಮೇಲೆ ಅಂತರ 3 ಮಿ.ಮೀ.ಗೆ ಇಳಿಯಿತು. ಬೋಲ್ಟು ಕಿಟ್ ಜತೆ ಬಂದದ್ದೇ, ಎಂ10.

ಹಳೇ ಪಾನಾ:
ಅಲ್ಲೇ ಇದೆ ನೋಡಿ ಅನುಮಾನ. ಜಪಾನ್ ಮೂಲದ ಗಾಡಿಗಳಲ್ಲಿ ಎಂ10 ಬೋಲ್ಟಿನ ಥ್ರೆಡ್ ಸಾಮಾನ್ಯವಾಗಿ 1.25 ಪಿಚ್, ಅಂದರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ 1.25 ಮಿ.ಮೀ. ಅಂತರ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಂ10 ಕೇಳಿದರೆ ಸಿಗುವುದು 1.5. ಎಷ್ಟೋ ಕಿಟ್ ಕಟ್ಟುವವರು ಅದನ್ನೇ ಪೊಟ್ಟಣಕ್ಕೆ ಹಾಕುತ್ತಾರೆ. ಮೊದಲ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಕಚ್ಚುತ್ತದೆ. ಉದ್ದ ಹಿಡಿಯ ಪಾನಾ ಹಾಕಿ ಒತ್ತಿದರೆ ಚಾಸಿಯ ಒಳಗಿನ ನಟ್ಟಿನ ವೆಲ್ಡ್ ಬಿಟ್ಟು, ನಟ್ಟೂ ಬೋಲ್ಟೂ ಜೋಡಿಯಾಗಿ ಸುತ್ತುತ್ತವೆ. ಎಂ8 ಆದರೆ ಈ ಗೊಂದಲವಿಲ್ಲ, ಎರಡೂ ಕಡೆ 1.25.

ಪರೀಕ್ಷೆಗೆ ಉಪಕರಣವೇನೂ ಬೇಡ. ಗಾಡಿಯಿಂದ ಬಿಚ್ಚಿದ ಅಷ್ಟೇ ದಪ್ಪದ ಬೋಲ್ಟಿನ ಪಕ್ಕ ಕಿಟ್‌ನ ಇನ್ನೊಂದು ಬೋಲ್ಟನ್ನು ಉದ್ದುದ್ದ ಒತ್ತಿ ಬೆಳಕಿಗೆ ಹಿಡಿಯಿರಿ. ಥ್ರೆಡ್‌ಗಳು ಸಂದು ಬಿಡದೆ ಒಂದರೊಳಗೊಂದು ಕೂತರೆ ಎರಡೂ ಒಂದೇ.

ತೆಗೆಯಲು: ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಬೋಲ್ಟಿನ ತಲೆ ಮತ್ತು ಪ್ಲೇಟಿನ ನಡುವೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಕೆಳಕ್ಕೆ ಮೀಟುತ್ತಾ ಬಿಚ್ಚಿ. ನಟ್ಟು ಚಾಸಿಗೆ ಒತ್ತಿಕೊಂಡು ಹಿಡಿತ ಸಿಗುತ್ತದೆ. ಆಗಲಿಲ್ಲವೆಂದರೆ ಗ್ರೈಂಡರಿನಿಂದ ತಲೆ ಕತ್ತರಿಸುವುದೇ ದಾರಿ. ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲಿವೆ ಎಂದು ನೋಡಿ, ಆ ಕಡೆ ಕಿಡಿ ಹಾರದಂತೆ ತಗಡು ಅಡ್ಡ ಇಡಿ.

ಹೊಸ ನಟ್ಟಿಗೆ ಕೆಲವರು ರಿವ್‌ನಟ್ (ರಿವೆಟ್ಟಿನಂತೆ ತೂತಿನಲ್ಲೇ ಹಿಸುಕಿ ಕೂರಿಸುವ ನಟ್ಟು) ಹೇಳುತ್ತಾರೆ. ಕಲ್ಲಿನ ಏಟು ಬೀಳುವ ಜಾಗಕ್ಕೆ ನನಗಂತೂ ಅದು ಒಪ್ಪಿಗೆಯಿಲ್ಲ. ಉದ್ದನೆಯ ಕಬ್ಬಿಣದ ಪಟ್ಟಿಯ ತುದಿಗೆ ನಟ್ಟು ವೆಲ್ಡ್ ಮಾಡಿಸಿ, ಚಾಸಿಯ ಪಕ್ಕದ ಕಿಂಡಿಯಿಂದ ಒಳಗೆ ತಳ್ಳಿ. ಪಟ್ಟಿ ಒಳಗಿನ ಗೋಡೆಗೆ ತಾಗಿ ನಿಲ್ಲುವುದರಿಂದ ನಟ್ಟು ಸುತ್ತುವುದಿಲ್ಲ.

ಕರಾವಳಿ ಥಾರ್:
ಸದ್ದಿನ ಬಗ್ಗೆ ನಾನು ಹೇಳುತ್ತೇನೆ. ನಿಂತಾಗ ಇಲ್ಲ, ಏರಿನಲ್ಲಿ ಮಾತ್ರ ಇದೆ ಎಂದರೆ ಏನೋ ತಾಗುತ್ತಿದೆ. ಲೋಡ್ ಬಿದ್ದಾಗ ಇಂಜಿನ್, ಗೇರ್ ಬಾಕ್ಸ್ ರಬ್ಬರ್ ಮೌಂಟಿನ ಮೇಲೆ ವಾಲುತ್ತವೆ. ನಿಂತಾಗ ಕಾಣುವ ಸಂದು ಆಗ ಮುಚ್ಚಿಹೋಗುತ್ತದೆ. ಪ್ಲೇಟಿನ ಒಳಮೈಗೆ ಸುಣ್ಣದ ನೀರು ಬಳಿದು ಒಣಗಿಸಿ ಒಂದು ಏರು ಹತ್ತಿ ಬನ್ನಿ. ಸುಣ್ಣ ಉಜ್ಜಿಹೋದ ಜಾಗವೇ ನಿಮ್ಮ ಸದ್ದು.

ಅಲ್ಲಿ ಕಬ್ಬಿಣದ ಸ್ಪೇಸರ್ ಕೊಟ್ಟು ಪ್ಲೇಟನ್ನು ತುಸು ಇಳಿಸಿ, ಅಷ್ಟೇ ಉದ್ದ ಜಾಸ್ತಿ ಇರುವ ಬೋಲ್ಟು ಹಾಕಿ. ರಬ್ಬರ್ ವಾಶರ್ ಬೇಡ. ಬಿಗಿ ನಿಲ್ಲುವುದಿಲ್ಲ, ಸೈಲೆನ್ಸರ್ ಪಕ್ಕ ಬೆಂದೂ ಹೋಗುತ್ತದೆ.

ಅಂದಹಾಗೆ, ಅಲ್ಯೂಮಿನಿಯಂ ತರಿಸಬೇಕಿತ್ತು ಎಂದು ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಚದರ ಮೀಟರಿಗೆ 3 ಮಿ.ಮೀ. ಕಬ್ಬಿಣ 23.5 ಕೆ.ಜಿ., 6 ಮಿ.ಮೀ. ಅಲ್ಯೂಮಿನಿಯಂ 16 ಕೆ.ಜಿ. ಹಗುರ ಹೌದು, ಆದರೆ ಮೆತ್ತಗಿನ ಲೋಹ, ಚೂಪು ಕಲ್ಲು ಅದನ್ನು ಕಚ್ಚಿ ಹಿಡಿಯುತ್ತದೆ. ಕಬ್ಬಿಣ ಜಾರುತ್ತದೆ. ಮೇಲಾಗಿ ನಮ್ಮ ಕಡಲ ಗಾಳಿಗೆ ಅಲ್ಯೂಮಿನಿಯಂ ಪ್ಲೇಟಿನಲ್ಲಿ ಸ್ಟೇನ್‌ಲೆಸ್ ಬೋಲ್ಟು ಹಾಕಿದರೆ ಬೋಲ್ಟಿನ ಸುತ್ತ ಪ್ಲೇಟೇ ಬಿಳಿ ಪುಡಿಯಾಗಿ ಉದುರುತ್ತದೆ.

ತೋಟದ ದಾರಿ:
ಪಿಚ್ ಬೇರೆಯೇ ಸರ್! ಪೊಟ್ಟಣದಲ್ಲಿದ್ದ ಎಂ10 ಎಲ್ಲವೂ 1.5. ಮೀಟಿದಾಗ ಬೋಲ್ಟು ಬಂತು, ಥ್ರೆಡ್ ಪೂರ್ತಿ ಸವೆದಿತ್ತು. ಪಟ್ಟಿಗೆ 1.25ರ ನಟ್ಟು ವೆಲ್ಡ್ ಮಾಡಿಸಿ ಹಾಕಿದೆ, ಗಟ್ಟಿ ನಿಂತಿದೆ. ಸುಣ್ಣ ಉಜ್ಜಿದ್ದು ಗೇರ್ ಬಾಕ್ಸ್ ಮೌಂಟಿನ ಪಕ್ಕ. 5 ಮಿ.ಮೀ. ಸ್ಪೇಸರ್ ಕೊಟ್ಟ ಮೇಲೆ ಗುಂಯ್ ಹೋಯಿತು. ಎಷ್ಟು ಬಿಗಿ ಮಾಡಲಿ?

ಹಳೇ ಪಾನಾ:
8.8 ಗ್ರೇಡಿನ (ಬೋಲ್ಟಿನ ಬಲದ ಗುರುತು, ತಲೆಯ ಮೇಲೆ ಬರೆದಿರುತ್ತದೆ) ಬೋಲ್ಟಾದರೆ ಎಂ8ಗೆ ಸುಮಾರು 25 ನ್ಯೂಟನ್ ಮೀಟರ್, ಎಂ10ಗೆ 45. ಥ್ರೆಡ್‌ಗೆ ಎಣ್ಣೆ, ಗ್ರೀಸು ಹಚ್ಚಿದ್ದರೆ ಸ್ವಲ್ಪ ಕಡಿಮೆ ಮಾಡಿ. ತೋಟಕ್ಕೆ ಹೋಗಿ ಬಂದ ಮೇಲೆ ಒಮ್ಮೆ ಮತ್ತೆ ನೋಡಿ.

ಇನ್ನೊಂದು ಮಾತು, ಕಾಫಿ ತೋಟದವರಿಗೆ ಕಲ್ಲಿಗಿಂತ ಇದೇ ದೊಡ್ಡದು ಎನ್ನುತ್ತೇನೆ. ಪ್ಲೇಟಿನ ಮೇಲೆ ಸಿಲ್ವರ್ ಓಕಿನ ಒಣ ಎಲೆ ತುಂಬಿಕೊಳ್ಳುತ್ತದೆ. ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪು, ಕ್ಯಾಟಲಿಟಿಕ್ ಕನ್ವರ್ಟರ್. ಬೇಸಿಗೆಯಲ್ಲಿ ಹೊಗೆ ವಾಸನೆ ಬಂದಮೇಲೆ ನೋಡುವುದಲ್ಲ, ತೋಟದಿಂದ ಬಂದಾಗಲೆಲ್ಲ ಗಾಡಿ ತಣಿದ ಮೇಲೆ ಕೈ ಹಾಕಿ ಕಿತ್ತು ತೆಗೆಯಿರಿ. ಮಳೆಗಾಲದಲ್ಲಿ ಅಲ್ಲೇ ಕೆಸರು ಗಟ್ಟಿಯಾಗಿ ತುಕ್ಕು ಹಿಡಿಸುತ್ತದೆ, ಬಾನೆಟ್ ಕಡೆಯಿಂದಲ್ಲ, ಅಡಿಯಿಂದಲೇ ಪೈಪಿನ ನೀರು ಹಾಯಿಸಿ.

ತೋಟದ ದಾರಿ:
ಸರಿ ಸರ್. ಆಯಿಲ್ ಡ್ರೈನ್ ತೂತಿನ ನೇರಕ್ಕೆ ಪ್ಲೇಟಿನಲ್ಲಿ ಕಿಂಡಿ ಇದೆ, ಆದರೆ ಚಿಕ್ಕದು. ಎಣ್ಣೆ ಎಲ್ಲ ಪ್ಲೇಟಿನ ಮೇಲೇ ಹರಿಯುತ್ತದೇನೋ.

ಕರಾವಳಿ ಥಾರ್:
ಹರಿಯುತ್ತದೆ. ಆಯಿಲ್ ಬದಲಿಸುವಾಗ ಆ ಪ್ಲೇಟ್ ಬಿಚ್ಚಿಬಿಡಿ ಮಾರಾಯ್ರೇ. ಹೇಗೂ ಎಲೆ ತೆಗೆಯಬೇಕಲ್ವಾ.