ರೋಡ್ ಮಧ್ಯದಲ್ಲೇ ಕಾರ್ಪೊರೇಷನ್ ಬಾರ್ಡರ್, ಮೋರಿ ಯಾರ್ ಕ್ಲೀನ್ ಮಾಡ್ಬೇಕು?

ತಾರಸಿತೋಟ:
ಎಲ್ರಿಗೂ ನಮಸ್ಕಾರ, ಗೊತ್ತಿರೋರು ಸ್ವಲ್ಪ ಹೇಳಿ. ನಮ್ಮ ರೋಡಲ್ಲಿ ಎಡಗಡೆ ಮನೆಗಳು ಒಂದು ಕಾರ್ಪೊರೇಷನ್ನು, ಬಲಗಡೆ ಮನೆಗಳು ಇನ್ನೊಂದಂತೆ. ಬೆಂಗಳೂರಿಗೆಲ್ಲ ಒಂದೇ ಕಾರ್ಪೊರೇಷನ್, ಅಂದ್ರೆ ಬಿಬಿಎಂಪಿ ಇದ್ದಾಗ ಎರಡೂ ಸೈಡಿಗೆ ಒಬ್ರೇ ಎಂಜಿನಿಯರ್ ಬರ್ತಿದ್ರು. ಈಗ ಎಡಗಡೆ ಮೋರಿ ತುಂಬಿ ಗಬ್ಬು ನಾರ್ತಿದೆ, ಮಳೆ ಬಂದ್ರೆ ನೀರು ರೋಡ್ ದಾಟಿ ನಮ್ಮ ಗೇಟ್ ಒಳಗೇ ಬರತ್ತೆ, ನಾವು ಬಲಗಡೆಯವ್ರು. ನಮ್ ಆಫೀಸಲ್ಲಿ ಕೇಳಿದ್ರೆ ಮೋರಿ ನಮ್ ಲಿಮಿಟ್ಸ್ ಅಲ್ಲ ಅಂತಾರೆ, ಆ ಕಡೆ ಆಫೀಸಲ್ಲಿ ನಿಮ್ ಮನೆ ನಮ್ ಲಿಮಿಟ್ಸ್ ಅಲ್ಲ ಅಂತಾರೆ. ಈ ಗೆರೆ ಎಳೆಯೋದು ಯಾರು, ಯಾವ ಲೆಕ್ಕದಲ್ಲಿ? ಕಾರ್ಪೊರೇಟರ್ ಹತ್ರ ಹೋಗೋಣ ಅಂದ್ರೆ ಯಾರು ಅಂತ ಏರಿಯಾದಲ್ಲಿ ಒಬ್ರಿಗೂ ಗೊತ್ತಿಲ್ಲ.

ಹಳೇ_ಪೇಟೆ:
ಗೊತ್ತಿಲ್ಲ ಅಲ್ಲ ಸರ್, ಕಾರ್ಪೊರೇಟರ್ ಇಲ್ಲವೇ ಇಲ್ಲ! 2015ರಲ್ಲಿ ಗೆದ್ದವರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗೀತು, ಆಮೇಲೆ ಆಡಳಿತಾಧಿಕಾರಿನೇ. ಐದು ವರ್ಷ ಮುಗಿಯೋದರೊಳಗೆ ಎಲೆಕ್ಷನ್ ಆಗ್ಬೇಕು ಅಂತ ಸಂವಿಧಾನದಲ್ಲೇ ಇದೆ, ಆದ್ರೆ ನಮ್ಮೂರಲ್ಲಿ ಎಲೆಕ್ಷನ್ ಬದಲು ವಾರ್ಡ್ ಲೆಕ್ಕನೇ ನಡೀತಾ ಬಂತು. 198 ಇತ್ತು, 243 ಅಂದ್ರು, 2023ರಲ್ಲಿ 225 ಅಂದ್ರು, ಆಮೇಲೆ ಗ್ರೇಟರ್ ಬೆಂಗಳೂರು ಕಾಯ್ದೆ ಬಂದು 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿನ ಐದು ಹೋಳು ಮಾಡಿದ್ರು, ಕರಡಲ್ಲಿ 368 ವಾರ್ಡು, ಫೈನಲ್ ಲಿಸ್ಟಲ್ಲಿ 369. ಪಶ್ಚಿಮ ಕಾರ್ಪೊರೇಷನ್ ಒಂದಕ್ಕೇ 112, ಪೂರ್ವಕ್ಕೆ ಬರೀ 50.

ಗೆರೆ ಎಳೆಯೋದು ರಾಜ್ಯ ಸರ್ಕಾರ, ಎಲೆಕ್ಷನ್ ನಡೆಸೋದು ಮಾತ್ರ ರಾಜ್ಯ ಚುನಾವಣಾ ಆಯೋಗ. ಲೆಕ್ಕ ಜನಸಂಖ್ಯೇದು, ಅದೂ 2011ರ ಜನಗಣತಿದು. ಆಗ ಬಿಬಿಎಂಪಿ ಒಳಗೆ ಸುಮಾರು 84 ಲಕ್ಷ ಜನ, ಅದನ್ನ 369ಕ್ಕೆ ಹಂಚಿದ್ರೆ ವಾರ್ಡಿಗೆ ಹೆಚ್ಚುಕಮ್ಮಿ 23 ಸಾವಿರ ಬರತ್ತೆ. ಮೋರಿ ಯಾವ ಕಡೆ ಇಳಿಜಾರು, ಕಸದ ಆಟೋ ಎಲ್ಲಿ ತಿರುಗತ್ತೆ ಅಂತ ನೋಡಿ ಎಳೆದಿದ್ದಲ್ಲ ಅದು, ವೋಟಿಗೆ ಎಳೆದಿದ್ದು. ಅಧಿಸೂಚನೇಲಿ ಉತ್ತರಕ್ಕೆ ಇಂಥ ರಸ್ತೆ, ಪೂರ್ವಕ್ಕೆ ರೈಲ್ವೆ ಲೈನ್, ದಕ್ಷಿಣಕ್ಕೆ ರಾಜಕಾಲುವೆ ಅಂತ ಬರೆದಿರ್ತಾರೆ, ಹಂಗಾಗಿ ರೋಡೇ ಗಡಿ ಆದಾಗ ನಿಮ್ಮಂಥೋರು ಸಿಕ್ಕಾಕೊಳ್ತೀರ.

ಕೆಂಪುಮಣ್ಣು:
ಮೊದ್ಲು ಮೋರೀಲಿ ಹರೀತಿರೋದು ಯಾವ ನೀರು ಅಂತ ನೋಡಿ. ಮಳೆ ಇಲ್ದಿದ್ರೂ ಹರೀತಿದ್ರೆ ಅದು ಮನೆಗಳ ಕೊಳಚೆ ನೀರು, ಎಲ್ಲೋ ಒಳಚರಂಡಿ ಕಟ್ಟಿಕೊಂಡು ಮೋರಿಗೆ ಬಿದ್ದಿರತ್ತೆ, ಅದು ಜಲಮಂಡಳಿ ಕೆಲಸ. ಅವರಿಗೆ ನಿಮ್ಮ ವಾರ್ಡ್ ಗೆರೆ ಸಂಬಂಧನೇ ಇಲ್ಲ, ಅವರ ಸಬ್ ಡಿವಿಷನ್ನೇ ಬೇರೆ, 1916ಕ್ಕೆ ಹಾಕಿ. ಕರೆಂಟಿನ ಬೆಸ್ಕಾಂದು ಇನ್ನೊಂದು ಗಡಿ, ಪೊಲೀಸ್ ಸ್ಟೇಷನ್‌ದು ಮತ್ತೊಂದು, ಪಿನ್‌ಕೋಡ್ ಕೇಳ್ಲೇಬೇಡಿ.
ಮಳೆ ನೀರಿನ ಮೋರಿನೇ ಆದ್ರೆ ಕಾರ್ಪೊರೇಷನ್ ಹೆಲ್ಪ್‌ಲೈನ್ 1533ಕ್ಕೆ ಹಾಕಿ. ಒಂದು ಟಿಪ್ಸು: ನಿಮ್ಮ ಮನೆ ಅಡ್ರೆಸ್ ಕೊಡ್ಬೇಡಿ, ಮೋರಿ ಎದುರಿನ ಮನೆ ಅಡ್ರೆಸ್ ಕೊಡಿ, ಇಲ್ಲಾಂದ್ರೆ ಕಂಪ್ಲೇಂಟ್ ನಿಮ್ಮ ಆಫೀಸಿಗೇ ಹೋಗಿ ಕ್ಲೋಸ್ ಆಗತ್ತೆ. ಎಡಗಡೆ ಮನೆಯವ್ರೇ ಹಾಕಿದ್ರೆ ಇನ್ನೂ ಒಳ್ಳೇದು.

ಊರಾಚೆ_ಹುಡ್ಗ:
ಐದು ಭಾಗ ಮಾಡಿದ್ದೇ ತಪ್ಪು ಅಂತ ಹೇಳೋಕೆ ನಾನ್ ಬರಲ್ಲ. ನಮ್ಮದು 2007ರಲ್ಲಿ ಸೇರಿಸಿದ 110 ಹಳ್ಳಿ ಪೈಕಿ, ಪಂಚಾಯ್ತಿ ಇದ್ದಾಗ ಮೆಂಬರ್‌ನ ಟೀ ಅಂಗಡೀಲೇ ಹಿಡೀಬಹುದಿತ್ತು, ಒಂದೇ ದೊಡ್ಡ ಪಾಲಿಕೆ ಆದ್ಮೇಲೆ ಕಾವೇರಿ ನೀರಿಗೆ 2024ರಲ್ಲಿ ಬಂದ ಕಾವೇರಿ ಯೋಜನೆ ಐದನೇ ಹಂತದ ತನಕ ಕಾದ್ವಿ ಗುರು. ಚಿಕ್ಕ ವಾರ್ಡ್ ಬರ್ಲಿ. ಬೇಜಾರು ಅಂದ್ರೆ 2011ರ ಲೆಕ್ಕ, ಆಗ ನಮ್ ಕಡೆ ರಾಗಿ ಹೊಲ, ಈಗ ಅದೇ ಜಾಗದಲ್ಲಿ ಟವರ್ ಮೇಲೆ ಟವರ್. ನಮ್ ವಾರ್ಡಲ್ಲಿ 23 ಸಾವಿರ ಅಂದ್ರೆ ಯಾರಾದ್ರೂ ನಂಬ್ತಾರಾ?

ಹಳೇ_ಪೇಟೆ:
ಅದು ಸರಿ ಗುರು, ಆದ್ರೆ ಐದು ಕಾರ್ಪೊರೇಷನ್ ಮೇಲೆ ಕೂತಿರೋ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದ್ರೆ ಜಿಬಿಎಗೆ ಅಧ್ಯಕ್ಷರು ಮುಖ್ಯಮಂತ್ರಿ. ಮೇಯರ್ ಅವಧಿ ಒಂದು ವರ್ಷದಿಂದ ಎರಡೂವರೆ ವರ್ಷಕ್ಕೆ ಏರಿಸಿದ್ದು ಒಳ್ಳೇದೇ, ದೊಡ್ಡ ದುಡ್ಡಿನ ಕೆಲಸ ಮೇಲೇ ತೀರ್ಮಾನ ಆದ್ರೆ ಆ ಮೇಯರ್ ಏನ್ ಮಾಡ್ತಾರೆ ಅನ್ನೋದೇ ನನ್ ಡೌಟು. ತಾರಸಿತೋಟ ಸರ್, ಎರಡು ಕಾರ್ಪೊರೇಷನ್ ನಡುವೆ ಹೊಂದಾಣಿಕೆ ಮಾಡೋದೂ ಜಿಬಿಎ ಕೆಲಸನೇ, ಎರಡೂ ಕಡೆ ಕಮಿಷನರಿಗೆ ಒಂದೇ ಲೆಟರ್ ಬರೆದು ಜಿಬಿಎಗೆ ಕಾಪಿ ಹಾಕಿ, ಸೀಲ್ ಹಾಕಿಸ್ಕೊಂಡೇ ಬನ್ನಿ.

ತಾರಸಿತೋಟ:
ಥ್ಯಾಂಕ್ಸ್ ಎಲ್ರಿಗೂ. ಹೋಗಿ ನೋಡ್ದೆ, ಮಳೆ ಬಂದು ವಾರ ಆಗಿದ್ರೂ ಹರೀತಾನೇ ಇದೆ, ಸೋಪಿನ ನೊರೆ ಬೇರೆ. 1916ಕ್ಕೆ ಹಾಕಿದೀನಿ. ಎದುರುಗಡೆ ಮನೆ ಆಂಟಿ ಹೂಳಿಗೆ 1533ಕ್ಕೆ ಹಾಕ್ತೀನಿ ಅಂದಿದಾರೆ, ಲೆಟರ್ ಸೋಮವಾರ ಕೊಡ್ತೀನಿ. ಯಾರ ಹತ್ರನಾದ್ರೂ ಅಧಿಸೂಚನೆ ಪಿಡಿಎಫ್ ಇದ್ರೆ ಇಲ್ಲೇ ಹಾಕಿ.