ಕೆಚ್ಚು, ಚೇಗು, ಗಟ್ಟಿಮರ: ಯಾವುದನ್ನು ಯಾವುದಕ್ಕೆ ಬಳಸಬೇಕು?

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಡಿನ ಮರಗಳಿಂದ ಮಂಚ, ಮೇಜು ಮಾಡಿಸುವವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಒಂದು ಪದ ನಿಲ್ಲಿಸಿಬಿಟ್ಟಿದೆ. ‘ಹಾರ್ಡ್‌ವುಡ್’ಗೆ ‘ಗಟ್ಟಿಮರ’ ಅಂತ ಬರೆದೆ. ಆಮೇಲೆ ಬೂರುಗ ನೆನಪಾಯಿತು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹೂ ಬಿಡುವ, ಅಗಲ ಎಲೆಯ ಮರಗಳು ಹಾರ್ಡ್‌ವುಡ್. ಪೈನ್, ದೇವದಾರುಗಳಂಥವು ಸಾಫ್ಟ್‌ವುಡ್. ಅಂದರೆ ಬೆಂಕಿಕಡ್ಡಿಗೆ ಹೋಗುವ ಮೆತ್ತನೆಯ ಬೂರುಗವೂ ಹಾರ್ಡ್‌ವುಡ್ಡೇ. ಅದನ್ನು ಗಟ್ಟಿಮರ ಅಂದರೆ ಯಾವ ಆಚಾರಿ ಒಪ್ಪುತ್ತಾರೆ ಹೇಳಿ?

ಮರಗೆಲಸದವರನ್ನು ಕೇಳಿದೆ. ಅವರು ಮೊದಲು ಹೇಳುವುದು ಮರದ ಹೆಸರನ್ನು: ಬೀಟೆ, ಹೊನ್ನೆ, ಮತ್ತಿ, ನಂದಿ, ಹೆಬ್ಬಲಸು. ಆಮೇಲೆ ಕೇಳುವುದು ‘ಕೆಚ್ಚು ಎಷ್ಟು ಬಂದಿದೆ?’ ಅಂತ. ಮೈಸೂರು ಕಡೆಯ ಒಬ್ಬರು ಇದನ್ನೇ ‘ಚೇಗು’ ಅಂದರು. ಎರಡೂ ಮರದ ಒಳಗಿನ ಬಲಿತ, ಬಣ್ಣ ಬಂದ ಭಾಗಕ್ಕೆ ಇರುವ ಹೆಸರು. ಮರ ಬೆಳೆದಂತೆ ಒಳಗಿನ ಜೀವಕೋಶಗಳು ಸತ್ತು, ಅಲ್ಲಿ ಅಂಟು, ಬಣ್ಣದಂಥ ವಸ್ತುಗಳು ತುಂಬಿಕೊಳ್ಳುತ್ತವೆ. ಬೀಟೆಯ ನೇರಳೆಗಪ್ಪು, ಹಲಸಿನ ಹಳದಿ ಬರುವುದು ಈ ಭಾಗಕ್ಕೇ. ಹೊರಗಿನ ಬಿಳಿ ಭಾಗದಲ್ಲಿ ಪಿಷ್ಟ ಇರುತ್ತದೆ, ಹುಳಕ್ಕೆ ಅದು ಊಟ. ನಮ್ಮ ಮನೆಯ ಹಳೇ ಹಲಸಿನ ಮಂಚದ ಒಂದು ಪಟ್ಟಿಯಲ್ಲಿ ಬಿಳಿ ಅಂಚನ್ನು ಮಾತ್ರ ಕುಟ್ಟೆ ಹುಳ ಪುಡಿ ಮಾಡಿತ್ತು. ಅದರ ಪಕ್ಕದ ಹಳದಿಗೆ ಒಂದು ತೂತೂ ಇರಲಿಲ್ಲ. ಅಷ್ಟು ನೇರವಾದ ಗೆರೆ!

‘ಕೆಚ್ಚೆದೆ’ಯಲ್ಲಿರುವುದೂ ಇದೇ ಕೆಚ್ಚು. ಧೈರ್ಯ ಅನ್ನುವ ಅರ್ಥ ಎಲ್ಲರಿಗೂ ಗೊತ್ತು, ಮರದ ಅರ್ಥ ಮಾತ್ರ ಬರಹದಲ್ಲಿ ಕಾಣುವುದೇ ಕಡಿಮೆ. ನನಗೆ ಇದು ಬೇಸರದ ವಿಷಯ. ಕೆಲವರು ‘ತಿರುಳು’ ಬಳಸಿ ಅನ್ನುತ್ತಾರೆ. ಆದರೆ ತಿರುಳು ಅಂದಾಗ ಹಣ್ಣಿನ ಮೆತ್ತನೆಯ ಭಾಗವೂ ನೆನಪಾಗುತ್ತದೆ, ಅಲ್ವಾ? ಮಂಚದ ಕಾಲಿಗೆ ಆ ಪದ ಹೊಂದುವುದಿಲ್ಲ.

ಇನ್ನೊಂದು ಮಾತು. ಅಡಿಕೆ, ತೆಂಗು, ಬೈನೆಗಳಲ್ಲಿ ಇದು ತಿರುವುಮುರುವು: ಗಟ್ಟಿ ಹೊರಗೆ, ಮೆದು ಒಳಗೆ. ಅಡಿಕೆ ದಬ್ಬೆ ಸೀಳಿದವರಿಗೆ ಇದು ಗೊತ್ತು. ತಮಿಳಿನ ಹಳೆಯ ವ್ಯಾಕರಣ ಗ್ರಂಥ ತೊಲ್ಕಾಪ್ಪಿಯಂ ಇದೇ ಗುರುತು ಹಿಡಿದು ಗಿಡಗಳನ್ನು ಎರಡು ಮಾಡುತ್ತದೆ. ಗಟ್ಟಿ ಹೊರಗಿದ್ದರೆ ‘ಹುಲ್ಲು’, ಒಳಗಿದ್ದರೆ ‘ಮರ’. ಇಂದಿನ ಸಸ್ಯಶಾಸ್ತ್ರವೂ ತೆಂಗನ್ನು ಹುಲ್ಲು, ಬಿದಿರಿನ ಜೊತೆ ಒಂದೇ ದೊಡ್ಡ ಗುಂಪಿಗೆ ಸೇರಿಸುತ್ತದೆ. ಅದನ್ನು ಓದಿದಾಗ ನಿಜಕ್ಕೂ ಖುಷಿಯಾಯಿತು.

ಸದ್ಯಕ್ಕೆ ನಾನು ಹೀಗೆ ಬರೆದಿದ್ದೇನೆ: ಸಸ್ಯಶಾಸ್ತ್ರದ ‘ಹಾರ್ಡ್‌ವುಡ್’ ಗುಂಪಿಗೆ ‘ಅಗಲೆಲೆ ಮರ’, ಒಳಗಿನ ಬಲಿತ ಭಾಗಕ್ಕೆ ‘ಕೆಚ್ಚು’. ‘ಗಟ್ಟಿಮರ’ವನ್ನು ಮತ್ತಿ, ಜಂಬೆಯಂಥ ನಿಜವಾಗಿ ಗಟ್ಟಿ ಇರುವವಕ್ಕೇ ಉಳಿಸಿದ್ದೇನೆ.

ಎರಡು ಪ್ರಶ್ನೆ. ಹೊರಗಿನ ಆ ಬಿಳಿ ಭಾಗಕ್ಕೆ ನಿಮ್ಮ ಊರಿನ ಬಡಗಿಗಳು ಏನನ್ನುತ್ತಾರೆ? ಸುಮ್ನೆ ‘ಬಿಳಿ’ ಅಂತಲೋ, ಬೇರೆ ಹೆಸರಿದೆಯೋ? ಮತ್ತೆ, ಕೆಚ್ಚು, ಚೇಗು ಎರಡೂ ಬಳಸುವ ಊರು ಇದ್ದರೆ, ಅಲ್ಲಿ ಅವುಗಳ ನಡುವೆ ಏನಾದರೂ ವ್ಯತ್ಯಾಸ ಮಾಡುತ್ತಾರಾ? ಊರಿನ ಹೆಸರನ್ನೂ ಬರೆದರೆ ಕೈಪಿಡಿಯಲ್ಲಿ ಸೇರಿಸುತ್ತೇನೆ.