ಅಪ್‌ಡೇಟ್: ಚಂದ್ರನ ಮನೆಯಲ್ಲಿ ಕೊನೆಗೂ ಕಥೆ ಶುರುವಾಯ್ತು

ಮೂರು ವಾರದ ಹಿಂದೆ ಕೇಳಿದ್ದೆ: ನಾನು ಆರ್ಕಿಟೆಕ್ಟ್, ಚಂದ್ರನ ಮೇಲಿನ ಊರೊಂದರ ಬಗ್ಗೆ ಮೊದಲ ಕಾದಂಬರಿ ಬರೆಯುತ್ತಿದ್ದೇನೆ, 60 ಪುಟವಾದರೂ ಬರೀ ಕಟ್ಟಡದ ವರ್ಣನೆ, ಏನು ಮಾಡಲಿ ಅಂತ.

ಅಧ್ಯಾಯಗಳ ಪಟ್ಟಿ ಮೊದಲೇ ಹಾಕಿಕೊಳ್ಳಿ ಅಂದವರ ಮಾತು ನನಗೆ ಒಗ್ಗಲಿಲ್ಲ. ಪಟ್ಟಿಯನ್ನೂ ಪ್ಲಾನ್ ಥರ ತಿದ್ದುತ್ತಾ ಕೂತೆ, ಚಟ ಅಲ್ವಾ! ಕೆಲಸ ಮಾಡಿದ್ದು "ಆ ಮನೆ ರಿಪೇರಿ ಮಾಡುವವರ ಕಣ್ಣಿಂದ ಬರೆಯಿರಿ" ಅನ್ನೋ ಸಲಹೆ. ಈಗ ನನ್ನ ನಾಯಕಿ ಸೋರಿಕೆ ಹುಡುಕುವ ಮೇಸ್ತ್ರಿ. ನಾಲ್ಕು ಅಧ್ಯಾಯ ಮುಗಿದಿವೆ. ಹಳೆಯ 60 ಪುಟದಲ್ಲಿ ಉಳಿದದ್ದು ಆರು.

ಒಂದು ವಿಷಯ ಮಾತ್ರ ನಾನು ನಿರೀಕ್ಷಿಸಿರಲಿಲ್ಲ. ಇಲ್ಲಿ ಚಾವಣಿ ಕುಸಿಯದಂತೆ ಕಂಬ ಕೊಡುತ್ತೇವೆ. ಅಲ್ಲಿ ಹೊರಗೆ ಗಾಳಿಯೇ ಇಲ್ಲ. ಒಳಗೆ ನಮ್ಮೂರಿನಷ್ಟೇ ಗಾಳಿ ತುಂಬಿದರೆ ಅದು ಪ್ರತಿ ಚದರ ಮೀಟರಿಗೆ ಸುಮಾರು 10 ಟನ್ ಭಾರದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತದೆ. ಅಂದರೆ ಚಾವಣಿಯನ್ನು ಹಿಡಿದು ಕಟ್ಟಬೇಕು! ಮೇಲೆ ಮಣ್ಣು ಹೇರಿ ಸರಿದೂಗಿಸೋಣ ಅಂದರೆ, ಗುರುತ್ವ ಆರನೇ ಒಂದು ಭಾಗ ಮಾತ್ರ. ಲೆಕ್ಕ ಹಾಕಿದೆ, 30 ಮೀಟರಿಗೂ ಜಾಸ್ತಿ ಮಣ್ಣು ಬೇಕು. 20 ವರ್ಷದ ಅನುಭವ ಒಂದೇ ಸಂಜೆ ತಲೆಕೆಳಗಾಯ್ತು.

ಆ ಲೆಕ್ಕವೇ ಈಗ ಕಥೆಯ ಗಂಟು. ಸೋರಿಕೆ ಶುರುವಾಗುವುದು ಅಲ್ಲಿನ ಎರಡು ವಾರದ ರಾತ್ರಿಯ ಮೊದಲ ದಿನ. ಮುಂದೇನು ಅಂತ ನನಗೂ ಗೊತ್ತಿಲ್ಲ, ನಾಳೆ ಬೆಳಿಗ್ಗೆ ಸೈಟಿಗೆ ಹೋಗುವ ಮುಂಚೆ ಬರೆದು ನೋಡಬೇಕು.